ಕಾಲ ನೋಡಿಕೊಂಡು

ಏಪ್ರಿಲ್ ತಿಂಗಳ ಒಂದು ಬೆಳಗಿನ ಜಾವ ಐದಕ್ಕೆ ಎದ್ದು ಅಡುಗೆಮನೆಯ ದೀಪ ಹಾಕಿದೆ. ಕಟ್ಟೆಯ ಮೇಲೆಲ್ಲ ಹಿಟ್ಟು ಹರಿದಿತ್ತು. ರಾತ್ರಿ ಒಂಬತ್ತಕ್ಕೆ ಸ್ಟೀಲ್ ಬೋಗುಣಿಯಲ್ಲಿ ಕಲೆಸಿ, ಒದ್ದೆ ಬಟ್ಟೆ ಮುಚ್ಚಿ ಮಲಗಿದ್ದೆ. ಅದು ಬಟ್ಟೆಯನ್ನು ಎತ್ತಿ ಹಾಕಿ, ಬೋಗುಣಿಯ ಕಂಠ ದಾಟಿ ಕಟ್ಟೆಗಿಳಿದು ಚಪ್ಪಟೆಯಾಗಿ ಕೂತಿತ್ತು. ನಡುವೆ ತಗ್ಗು, ಸುತ್ತ ಒಡೆದ ಗುಳ್ಳೆಗಳು, ಮೂಗಿಗೆ ಹೊಡೆಯುವ ಹುಳಿ ವಾಸನೆ. ಬೆರಳಿಂದ ಎತ್ತಿದರೆ ಎಳೆ ಬರಲಿಲ್ಲ, ಗಂಜಿಯ ಹಾಗೆ ಜಾರಿತು. ದಾವಣಗೆರೆಯ ನಮ್ಮ ಮನೆಯಲ್ಲಿ ನಾನು ಮಾಡಹೊರಟ ಮೊದಲ ವಿದೇಶಿ ಬ್ರೆಡ್ಡು ಅದು.

ವಿಧಾನದಲ್ಲೇನೂ ತಪ್ಪಿರಲಿಲ್ಲ. ಮನೆಯಲ್ಲಿ ಬ್ರೆಡ್ ಮಾಡುವವರಿಗೆಲ್ಲ ಗೊತ್ತಿರುವ ಹೆಸರುವಾಸಿ ವಿಧಾನ ಅದು. ನ್ಯೂಯಾರ್ಕಿನ ಸಲಿವನ್ ಸ್ಟ್ರೀಟ್ ಬೇಕರಿಯ ಜಿಮ್ ಲೇಹಿ ಮಾಡುತ್ತಿದ್ದ ನಾದದ ಬ್ರೆಡ್ಡನ್ನು ಮಾರ್ಕ್ ಬಿಟ್‌ಮನ್ 2006ರ ನವೆಂಬರಿನಲ್ಲಿ 'ದಿ ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದರು. ಮೂರು ಕಪ್ ಹಿಟ್ಟು, ಕಾಲು ಚಮಚ ಈಸ್ಟ್, ಒಂದೂಕಾಲು ಚಮಚ ಉಪ್ಪು, ಒಂದೂವರೆ ಕಪ್ಪಿಗಿಂತ ತುಸು ಹೆಚ್ಚು ನೀರು. ಕಲೆಸಿ 12ರಿಂದ 18 ಗಂಟೆ ಸುಮ್ಮನೆ ಬಿಡಬೇಕು, ಅಷ್ಟೆ. ಕೈಯಿಂದ ನಾದಿದಾಗ ಹಿಟ್ಟಿನಲ್ಲಿ ಹೆಣೆದುಕೊಳ್ಳುವ ಗ್ಲುಟೆನ್ನಿನ ಬಲೆ, ನೀರು ಸಾಕಷ್ಟಿದ್ದು ಹೊತ್ತು ಸಾಕಷ್ಟು ಕೊಟ್ಟರೆ ತಾನಾಗಿಯೇ ಹೆಣೆದುಕೊಳ್ಳುತ್ತದೆ ಎಂಬುದು ಅದರ ಗುಟ್ಟು. ನಾನು ಕೊಟ್ಟದ್ದು ಬರೀ ಎಂಟು ಗಂಟೆ. ಆದರೂ ಹಿಟ್ಟು ಕೆಟ್ಟಿತ್ತು.

ಪ್ರೌಢಶಾಲೆಯಲ್ಲಿ 22 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು ನಾನು. ಆವತ್ತು ಸಂಜೆ ಉಷ್ಣಮಾಪಕವೊಂದನ್ನು ಕೊಂಡು ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ರಾತ್ರಿ ಒಂಬತ್ತಕ್ಕೆ 33 ಡಿಗ್ರಿ ತೋರಿಸಿತು. ವಿಧಾನವನ್ನು ಮತ್ತೆ ತೆಗೆದು ಓದಿದರೆ, ಕೋಣೆಯ ಬಿಸಿ ಸುಮಾರು 70 ಡಿಗ್ರಿ ಫ್ಯಾರನ್‌ಹೀಟ್ ಇರಲಿ ಎಂದು ಅದರಲ್ಲೇ ಇತ್ತು. ಅಂದರೆ 21 ಡಿಗ್ರಿ ಸೆಲ್ಸಿಯಸ್. ಈಸ್ಟಿನ ಸ್ವಭಾವ ಏನೆಂದರೆ, ಬಿಸಿ ಎಂಟು ಹತ್ತು ಡಿಗ್ರಿ ಏರಿದರೆ ಅದರ ಓಟ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನ್ಯೂಯಾರ್ಕಿನ 12 ಗಂಟೆ ನಮ್ಮಲ್ಲಿ ನಾಲ್ಕೂವರೆಯೋ ಐದೋ ಆಗಿಬಿಟ್ಟಿತ್ತು. ನಾನು ಎಂಟು ಗಂಟೆ ನಿದ್ದೆ ಮಾಡಿದ್ದೆ.

ಎರಡನೆಯ ಸಲ ಈಸ್ಟನ್ನು ಒಂದು ಚಿಟಿಕೆಗೆ ಇಳಿಸಿದೆ, ಕೊಡದ ನೀರಿನಲ್ಲಿ ಕಲೆಸಿದೆ, ಐದನೆಯ ಗಂಟೆಯಿಂದ ಎದ್ದೆದ್ದು ನೋಡಿದೆ. ಹಿಟ್ಟು ಎರಡರಷ್ಟಾಗಿ, ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು, ಬೋಗುಣಿ ಅಲ್ಲಾಡಿಸಿದರೆ ನಡುಗುವ ಹೊತ್ತಿಗೆ ತೆಗೆದೆ. ಮುಚ್ಚಳವಿರುವ ಬೀಡಿನ ಪಾತ್ರೆಯನ್ನು ಓವನ್ನಿನಲ್ಲಿ 230 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ, ಹಿಟ್ಟನ್ನು ಅದಕ್ಕೆ ಸುರಿದು ಮುಚ್ಚಿದೆ. ಅರ್ಧ ಗಂಟೆ ಮುಚ್ಚಿ, ಇಪ್ಪತ್ತು ನಿಮಿಷ ತೆರೆದು. ಮುಚ್ಚಿದ ಪಾತ್ರೆಯೊಳಗೆ ಹಿಟ್ಟಿನದೇ ಹಬೆ ತುಂಬುತ್ತದೆ. ಆ ಹಬೆಗೆ ಮೇಲ್ಮೈ ಮೆತ್ತಗೆ ಉಳಿಯುವುದರಿಂದ ಒಳಗಿನದು ಹಿಗ್ಗಲು ದಾರಿ ಸಿಗುತ್ತದೆ. ಮುಚ್ಚಳ ತೆಗೆದ ಮೇಲೆ ಅದೇ ಮೇಲ್ಮೈ ಗರಿಗರಿಯಾಗಿ ಕೆಂಪಾಗುತ್ತದೆ.

ಹೊರಗೆ ತೆಗೆದು ತಂತಿಯ ಜಾಲರಿಯ ಮೇಲೆ ಇಟ್ಟಾಗ ಒಂದು ಸದ್ದು ಕೇಳಿತು. ಚಟ್, ಚಟಚಟ, ಸ್ವಲ್ಪ ಬಿಟ್ಟು ಮತ್ತೆ ಚಟ್. ಒಣಗಿದ ಎಲೆಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದ ಹಾಗೆ. ಬಿಸಿ ಆರುವಾಗ ಮೇಲಿನ ಸಿಪ್ಪೆ ಕುಗ್ಗಿ ಕೂದಲೆಳೆಯಷ್ಟು ಸಣ್ಣಗೆ ಬಿರಿಯುವ ಸದ್ದು ಅದು. ಕಿವಿ ಹತ್ತಿರ ತಂದು ಕೂತೆ. ಮಗನನ್ನು ಕರೆದೆ, ಅವನೂ ಕಿವಿ ಕೊಟ್ಟು ಕೂತ. ಹತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. ಈ ಹಾದಿಯಿಂದ ನಾನು ಇನ್ನು ಹಿಂದೆ ಬರುವುದಿಲ್ಲ ಎಂದು ನಿಶ್ಚಯವಾದದ್ದು ಆ ಹತ್ತು ನಿಮಿಷದಲ್ಲಿ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಬ್ರೆಡ್ ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಆಸ್ಪತ್ರೆಗೆ ಹೋಗುವವರ ಕೈಚೀಲದಲ್ಲಿ ಒಂದು ಬ್ರೆಡ್ ಪ್ಯಾಕು, ಆರು ಮೂಸಂಬಿ ಇರುವುದು ವಾಡಿಕೆ. ಬಿಸಿ ಹಾಲಿನಲ್ಲಿ ಅದ್ದಿದ ಆ ಬ್ರೆಡ್ಡಿಗೂ ಕಹಿ ಮಾತ್ರೆಗೂ ನನ್ನ ನಾಲಿಗೆಯಲ್ಲಿ ಇವತ್ತಿಗೂ ನಂಟು ಬಿಟ್ಟಿಲ್ಲ. ಬೇಕರಿ ಎಂದರೆ ಬೇರೆಯದೇ ಮಾತು. ಬೀದಿಯ ತಿರುವಿನ ಅಯ್ಯಂಗಾರ್ ಬೇಕರಿಯ ಮುಂದೆ ಸಂಜೆ ನಾಲ್ಕಕ್ಕೆ ಖಾರಾ ಬನ್ನಿನ ತಟ್ಟೆ ಹೊರಗೆ ಬರುವುದನ್ನು ಕಾಯುತ್ತಾ ನಿಲ್ಲುತ್ತಿದ್ದೆವು. ಹಾಸನದ ಕಡೆಯಿಂದ ಬಂದವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರು ಮಾಡಿದ ಬಿ.ಬಿ. ಬೇಕರಿ ಇಂಥ ಬೇಕರಿಗಳಲ್ಲಿ ಮೊದಲನೆಯದು ಎನ್ನುತ್ತಾರೆ. ಅಲ್ಲಿಂದ ಕರ್ನಾಟಕದ ಊರೂರಿಗೂ ಅಯ್ಯಂಗಾರ್ ಬೇಕರಿಯ ಫಲಕ ಹಬ್ಬಿತು. ಮೊಟ್ಟೆ ಮುಟ್ಟದ ನಮ್ಮಂಥ ಮನೆಯವರು ನೆಮ್ಮದಿಯಿಂದ ಕೈಚಾಚಿದ್ದು ಅವರ ಬೆಣ್ಣೆ ಬಿಸ್ಕತ್ತಿಗೆ, ಅವರ ದಿಲ್‌ಪಸಂದಿಗೆ. ಬನ್ನಿನ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ಬೇಯಿಸಬಹುದೆಂದು ಮೊದಲು ಯಾರಿಗೆ ಹೊಳೆಯಿತೋ, ಅವರನ್ನು ನಾನು ದೊಡ್ಡವರೆಂದೇ ತಿಳಿಯುತ್ತೇನೆ. ಪರದೇಶದ ತಿನಿಸನ್ನು ಅವರು ನಮ್ಮ ನಾಲಿಗೆಗೆ ತಂದರು.

ಬ್ರೆಡ್ ಮಾಡುವ ಹುಚ್ಚು ಹತ್ತಿದ ಮೇಲೆ ನಾನು ಅವ್ವನ ಅಡುಗೆ ಪುಸ್ತಕವನ್ನು ಮತ್ತೆ ಬಿಚ್ಚಿದೆ. ನೀಲಿ ರಟ್ಟಿನ ಇನ್ನೂರು ಪುಟದ ನೋಟ್‌ಬುಕ್ಕು, ಅಂಚಿಗೆಲ್ಲ ಎಣ್ಣೆಯ ಕಲೆ. ಅದರಲ್ಲಿ ದೋಸೆ ಹಿಟ್ಟು ಎಷ್ಟು ಗಂಟೆ ಹುದುಗಬೇಕು ಎಂದು ಎಲ್ಲೂ ಬರೆದಿಲ್ಲ. 'ಕಾಲ ನೋಡಿಕೊಂಡು' ಎಂದಿದೆ. ಉಪ್ಪು ಯಾವಾಗ ಹಾಕಬೇಕು, ಅದಕ್ಕೂ 'ಕಾಲ ನೋಡಿಕೊಂಡು'. ಹಪ್ಪಳಕ್ಕೆ, ಸಂಡಿಗೆಗೆ, ಉಪ್ಪಿನಕಾಯಿಗೆ, ಎಲ್ಲದಕ್ಕೂ ಅದೇ. ಅಳತೆ ಗೊತ್ತಿಲ್ಲದೆ ಬರೆದ ಮಾತೆಂದು ಹಿಂದೆ ನಾನು ಅಂದುಕೊಂಡಿದ್ದೆ. ಗೋಡೆಯ ಉಷ್ಣಮಾಪಕ ನೋಡತೊಡಗಿದ ಮೇಲೆ ತಿಳಿಯಿತು, ಅವ್ವ ಬರೆದದ್ದೇ ಅಳತೆ.

ಹುಳಿ ಹಿಟ್ಟಿನ ಬ್ರೆಡ್ಡಿನಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯಿತು. ಅಂಗಡಿಯ ಈಸ್ಟ್ ಇಲ್ಲದೆ, ಬರೀ ಗೋಧಿ ಹಿಟ್ಟು ನೀರು ಕಲೆಸಿಟ್ಟು, ದಿನಾ ಅರ್ಧ ತೆಗೆದು ಹೊಸ ಹಿಟ್ಟು ಹೊಸ ನೀರು ಕೊಡುತ್ತಾ ಹೋದರೆ, ಹಿಟ್ಟಿನಲ್ಲೇ ಇರುವ ಈಸ್ಟೂ ಹುಳಿ ಕೊಡುವ ಬ್ಯಾಕ್ಟೀರಿಯಾಗಳೂ ಬಲಿತು ನಿಲ್ಲುತ್ತವೆ. ಸೋರ್‌ಡೋ ಎನ್ನುತ್ತಾರೆ. ಹಳೆಯ ಹಿಟ್ಟು, ಹೊಸ ಹಿಟ್ಟು, ನೀರು ಮೂರೂ ಸಮಸಮ ಎಂದು ವಿಧಾನ ಹೇಳಿತ್ತು. ಹಾಗೆಯೇ ಮಾಡಿದೆ. ಬೆಳಿಗ್ಗೆ ಏಳಕ್ಕೆ ಕೊಟ್ಟರೆ ಹತ್ತು ಗಂಟೆಗೆ ಬಾಟಲಿಯ ಬಾಯಿಗೆ ಬಂದು, ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ನೀರು ಬಿಟ್ಟು ತಳದಲ್ಲಿ ಕೂತಿರುತ್ತಿತ್ತು. ಮೂಗಿಗೆ ಹಿಡಿದರೆ ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ. ಹಸಿದ ಹಿಟ್ಟಿನ ಲಕ್ಷಣ ಅದು. ನಾಲ್ಕು ದಿನ ಹೀಗೆಯೇ ಆಯಿತು.

ಅವ್ವ ಐದನೆಯ ದಿನ ಬಾಟಲಿ ಎತ್ತಿ ನೋಡಿ, "ಇದು ಹೆಪ್ಪು ತಾನೆ?" ಎಂದಳು. ಹೌದೆಂದೆ.

"ಬ್ಯಾಸಿಗಿ ಐತಿ, ಹೆಪ್ಪು ಯಾಕಿಷ್ಟು ಹಾಕೀಯ?"

ಅಷ್ಟೇ ಹೇಳಿ ಹೊರಗೆ ಹೋದಳು. ಮೊಸರಿಗೆ ಬೇಸಿಗೆಯಲ್ಲಿ ಅರ್ಧ ಚಮಚ, ಚಳಿಗಾಲದಲ್ಲಿ ಎರಡು ಚಮಚ ಹೆಪ್ಪು ಹಾಕುವುದು ನನಗೂ ಗೊತ್ತು, ಮೂವತ್ತು ವರ್ಷದಿಂದ ಹಾಕುತ್ತಿದ್ದೇನೆ. ಆದರೆ ಇಂಗ್ಲಿಷಿನಲ್ಲಿ ಓದಿದ ವಿಧಾನಕ್ಕೆ ಆ ತಿಳಿವಳಿಕೆ ಒದಗಿರಲಿಲ್ಲ. ಆವತ್ತಿನಿಂದ ಒಂದು ಪಾಲು ಹಳೆಯ ಹಿಟ್ಟಿಗೆ ಐದು ಪಾಲು ಹೊಸ ಹಿಟ್ಟು, ಐದು ಪಾಲು ನೀರು ಕೊಡತೊಡಗಿದೆ. ಬಾಟಲಿ ಹತ್ತು ಹನ್ನೆರಡು ಗಂಟೆ ತಡೆಯಿತು. ವಾಸನೆ ಹಣ್ಣಿನ ವಾಸನೆಗೆ ತಿರುಗಿತು. ಬಿಸಿ ನಾಡಿನಲ್ಲಿ ಸೋರ್‌ಡೋ ಮಾಡುವವರು ಇದೇ ಲೆಕ್ಕ ಹೇಳುತ್ತಾರೆಂದು ಆಮೇಲೆ ಓದಿದೆ.

ಎಲ್ಲಕ್ಕೂ ಅವ್ವನ ಅಡುಗೆಮನೆಯಲ್ಲಿ ಉತ್ತರ ಸಿಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ಬ್ಯಾಗೆಟ್ಟಿನ ಗರಿಗರಿ ಸಿಪ್ಪೆಗೆ ನಮ್ಮಲ್ಲಿ ಸಮಾನವಾದದ್ದಿಲ್ಲ. ಉದ್ದನೆಯ ಹಿಟ್ಟಿನ ಮೇಲೆ ಬ್ಲೇಡಿನಿಂದ ಓರೆಯಾಗಿ ಗೀರುವ ಆ ಕೈಚಳಕ ಹೊಸದಾಗಿಯೇ ಕಲಿಯಬೇಕು. ನಾನು ಕಲಿಯಲು ಒಂಬತ್ತು ತಿಂಗಳು ಹಿಡಿಯಿತು. ಬ್ಲೇಡನ್ನು ನೆಟ್ಟಗೆ ಹಿಡಿದರೆ ಗೀರು ಬಾಯಿ ಬಿಟ್ಟು ಅಲ್ಲೇ ನಿಲ್ಲುತ್ತದೆ, ಓರೆ ಹಿಡಿದರೆ ಒಂದು ಅಂಚು ಎದ್ದು ಕಿವಿಯ ಹಾಗೆ ನಿಲ್ಲುತ್ತದೆ. ಬ್ರಿಯೋಶ್ ಎಂಬ ಮೊಟ್ಟೆಯ ಬ್ರೆಡ್ಡನ್ನು ಮೊಟ್ಟೆಯಿಲ್ಲದೆ ಮಾಡಿ ನೋಡಿದೆ. ಮೊಸರು ಹಾಕಿದೆ, ಹಾಲಿನ ಪುಡಿ ಹಾಕಿದೆ, ಬೆಣ್ಣೆ ಹೆಚ್ಚಿಸಿದೆ. ರುಚಿಯಾದ ಸಿಹಿ ಬನ್ ಆಯಿತು, ಬ್ರಿಯೋಶ್ ಆಗಲಿಲ್ಲ. ಹಳದಿ ಲೋಳೆಯ ಆ ಮೃದುತ್ವಕ್ಕೆ ಬದಲಿ ಇಲ್ಲ ಎಂಬುದು ನನ್ನ ತೀರ್ಮಾನ. ಮೊಟ್ಟೆ ಬಳಸುವ ಮನೆಯವರು ಮಾಡಲಿ, ನಾನು ಅದನ್ನು ಬಿಟ್ಟೆ.

ಹಾಲಿನ ಬ್ರೆಡ್ಡಿನ ಮಾತು ಬೇರೆ. ಪೂರ್ವ ಏಷ್ಯಾದವರು ಮಾಡುವ ಈ ಬ್ರೆಡ್ಡನ್ನು ಹಿಂಜಿದರೆ ಹತ್ತಿಯ ಎಳೆಯ ಹಾಗೆ ಉದ್ದುದ್ದ ಬರುತ್ತದೆ, ಮೂರು ದಿನವಾದರೂ ಒಣಗುವುದಿಲ್ಲ. ಅದಕ್ಕೆ ಮೊದಲು ಒಂದು ಗಂಜಿ ಕಾಯಿಸಬೇಕು. ಒಂದು ಪಾಲು ಮೈದಾ, ಐದು ಪಾಲು ನೀರು. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ 65 ಡಿಗ್ರಿಗೆ ತಂದರೆ ಗಂಜಿ ಗಟ್ಟಿಯಾಗಿ ಸೌಟಿನ ಗೆರೆ ಉಳಿಯುತ್ತದೆ. ಆ ಬಿಸಿಗೆ ಹಿಟ್ಟಿನ ಪಿಷ್ಟ ಉಬ್ಬಿ, ಹಸಿ ಹಿಟ್ಟು ಹಿಡಿಯಲಾರದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಟಾಂಗ್‌ಝೋಂಗ್ ಎಂದು ಅದರ ಹೆಸರು. ತೈವಾನಿನ ಯಿವೊನ್ ಚೆನ್ 2007ರಲ್ಲಿ ಇದರ ಮೇಲೆ ಪುಸ್ತಕ ಬರೆದ ಮೇಲೆ ಹೆಚ್ಚು ಪ್ರಚಾರಕ್ಕೆ ಬಂತು. ಜಪಾನಿನಲ್ಲಿ ಇದಕ್ಕೊಂದು ಸಮೀಪದ ಕ್ರಮವಿದೆ, ಯುಡಾನೆ ಎನ್ನುತ್ತಾರೆ. ಅದರಲ್ಲಿ ಗಂಜಿ ಕಾಯಿಸುವುದಿಲ್ಲ, ಕುದಿಯುವ ನೀರನ್ನೇ ನೇರವಾಗಿ ಹಿಟ್ಟಿಗೆ ಹೊಯ್ದು ಕಲೆಸುತ್ತಾರೆ.

ಅದನ್ನು ಓದಿದ ಕೂಡಲೇ ಚಿಗವ್ವನ ನೆನಪಾಯಿತು. ಕೈಗೆ ಬಂದ ವಯಸ್ಸಿನಿಂದ ಜೋಳದ ರೊಟ್ಟಿ ಬಡಿಯುತ್ತಿರುವವಳು ಆಕೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ತಣ್ಣೀರಿನಲ್ಲಿ ಕಲೆಸಿದರೆ ಹಿಟ್ಟು ಮಣ್ಣಿನ ಹಾಗೆ ಉದುರುತ್ತದೆ. ಅದಕ್ಕೇ ಎಸರಿಡಬೇಕು. ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಹಿಟ್ಟಿನ ನಡುವೆ ಗುಂಡಿ ಮಾಡಿ ಹೊಯ್ದು, ಸೌಟಿನ ಹಿಡಿಯಿಂದ ಕಲೆಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಚಿಗವ್ವನ ಮುದ್ದೆಯ ಅಂಚು ಬಿರಿಯುವುದಿಲ್ಲ. ಕೊಣಮಿಗೆಯ ಮೇಲೆ ಬಡಿಯುತ್ತಾ ಹೋದರೆ ರೊಟ್ಟಿ ಚಂದ್ರನ ಹಾಗೆ ಅಗಲವಾಗುತ್ತದೆ, ಎಲ್ಲೂ ಸೀಳುವುದಿಲ್ಲ. ಹೆಂಚಿಗೆ ಹಾಕಿ ಮೇಲೆ ನೀರು ಸವರಿ ತಿರುವಿದರೆ ಪೂರಿಯ ಹಾಗೆ ಉಬ್ಬುತ್ತದೆ. ಪಿಷ್ಟ ಬೆಂದು ಅಂಟಾಗಿ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ತಾನು ಮಾಡಿಕೊಟ್ಟ ಪರಿ ಅದು.

ಆ ವಾರ ಚಿಗವ್ವ ಮನೆಗೆ ಬಂದಿದ್ದಳು. ಅವಳ ಮುಂದೆ ಹಾಲಿನ ಬ್ರೆಡ್ಡಿಗೆ ಹಿಟ್ಟು ಕಲೆಸಿದೆ. 350 ಗ್ರಾಮ್ ಮೈದಾದಲ್ಲಿ ಎಪ್ಪತ್ತು ಗ್ರಾಮ್ ಬೇರೆ ತೆಗೆದು, ಅಷ್ಟೇ ತೂಕದ ಕುದಿಯುವ ನೀರು ಹೊಯ್ದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, "ಕೊಡು ಇತ್ತ" ಎಂದು ತಾನೇ ಸೌಟು ತಗೊಂಡಳು. ನನ್ನ ಕೈಯಲ್ಲಿ ಗಂಟುಗಂಟಾಗುತ್ತಿದ್ದ ಹಿಟ್ಟು ಅವಳ ಕೈಯಲ್ಲಿ ಹತ್ತು ತಿರುವಿಗೆ ನುಣ್ಣಗಾಯಿತು. ಎಸರು ಹೊಯ್ದ ಮೇಲೆ ಕ್ಷಣವೂ ನಿಲ್ಲಬಾರದು, ಮೊದಲ ತಿರುವು ತಳದಿಂದ ಮೇಲಕ್ಕೆ ಬರಬೇಕು ಎಂದು ತೋರಿಸಿಕೊಟ್ಟಳು. ಆ ಮುದ್ದೆ ಆರಿದ ಮೇಲೆ ಉಳಿದ ಹಿಟ್ಟು, ಹಾಲು, ಸಕ್ಕರೆ, ಈಸ್ಟ್, ಬೆಣ್ಣೆ ಸೇರಿಸಿ ಇಬ್ಬರೂ ಸರದಿಯಲ್ಲಿ ನಾದಿದೆವು. ಚೂರು ಹಿಟ್ಟನ್ನು ಬೆರಳ ನಡುವೆ ಹಿಗ್ಗಿಸಿ ಬೆಳಕಿಗೆ ಹಿಡಿದರೆ ಹರಿಯದೆ ಪೊರೆಯ ಹಾಗೆ ತೆಳ್ಳಗಾಯಿತು, ಆಚೆಯ ಕಿಟಕಿಯ ಸರಳು ಕಂಡಿತು. ಅವತ್ತಿನ ಬ್ರೆಡ್ಡಿಗಿಂತ ಮೆತ್ತಗಿನದನ್ನು ನಾನು ಇಲ್ಲಿಯವರೆಗೆ ಮಾಡಿಲ್ಲ.

ಇನ್ನು ಕ್ರೋಸಾಂಟಿನ ಕತೆ. ತಿಂಗಳುಗಟ್ಟಲೆ ನನ್ನನ್ನು ಹಿಡಿದಿಟ್ಟ ತಿನಿಸು ಅದು.

ನಮ್ಮದು ಬೆಣ್ಣೆ ದೋಸೆಯ ಊರು. ಇಲ್ಲಿ ಬೆಣ್ಣೆಗೆ ಬರವಿಲ್ಲ. ಕ್ರೋಸಾಂಟ್ ಎಂದರೆ ಅರ್ಧ ಬೆಣ್ಣೆಯೇ ಅಲ್ಲವೆ, ನಮ್ಮೂರಲ್ಲಿ ಆಗದೆ ಇನ್ನೆಲ್ಲಿ ಆದೀತು ಎಂದುಕೊಂಡು ಮಾರುಕಟ್ಟೆಯಿಂದ ಬಿಳಿ ಬೆಣ್ಣೆ ತಂದೆ. ಈಸ್ಟ್ ಹಾಕಿ ಕಲೆಸಿದ ಹಿಟ್ಟನ್ನು ಚೌಕವಾಗಿ ಲಟ್ಟಿಸಿ, ನಡುವೆ ಬೆಣ್ಣೆಯ ಹಾಳೆ ಇಟ್ಟು, ಲಕೋಟೆಯ ಹಾಗೆ ಮುಚ್ಚಬೇಕು. ಮತ್ತೆ ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ವಿಶ್ರಾಂತಿ. ಹೀಗೆ ಮೂರು ಸಲ ಮಡಿಸಿದರೆ ಮೂರು ಮೂರಲೆ ಒಂಬತ್ತು, ಒಂಬತ್ತು ಮೂರಲೆ ಇಪ್ಪತ್ತೇಳು ಪದರ ಬೆಣ್ಣೆ. ಓವನ್ನಿನ ಬಿಸಿಗೆ ಬೆಣ್ಣೆಯಲ್ಲೂ ಹಿಟ್ಟಿನಲ್ಲೂ ಇರುವ ನೀರು ಹಬೆಯಾಗಿ ಒಂದೊಂದು ಪದರವನ್ನೂ ಎತ್ತುತ್ತದೆ. ಬೆಣ್ಣೆ ಪದರ ಪದರವಾಗಿ ಉಳಿದಿದ್ದರೆ ಮಾತ್ರ.

ಎರಡನೆಯ ಮಡಿಕೆಯ ಹೊತ್ತಿಗೇ ಲಟ್ಟಣಿಗೆಯ ಕೆಳಗೆ ಬೆಣ್ಣೆ ಒಸರಿತು. ಹಿಟ್ಟು ಹರಿದು, ಮಣೆಗೆ ಹತ್ತಿ, ಕೈಯೆಲ್ಲ ಜಿಡ್ಡು. ಹಟ ಬಿಡದೆ ಸುತ್ತಿ ಓವನ್ನಿಗಿಟ್ಟೆ. ತಟ್ಟೆಯ ತುಂಬ ಬೆಣ್ಣೆ ಕರಗಿ ನಿಂತು, ಅದರಲ್ಲಿ ಸುರುಳಿಗಳು ಕರಿದ ಹಾಗಾದವು. ಒಳಗೆ ಪದರವೇ ಇಲ್ಲ, ಬ್ರೆಡ್ಡಿನ ಹಾಗೆ ಒಂದೇ ಗಟ್ಟಿ. ಅರ್ಧ ಕಿಲೋ ಬೆಣ್ಣೆ ಹೋದದ್ದಕ್ಕೆ ನಿಜವಾಗಿಯೂ ನೋವಾಯಿತು. ಬೆಣ್ಣೆಯನ್ನು ಹಾಳು ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದವಳಲ್ಲ ನಾನು.

ತಪ್ಪು ಎರಡಿದ್ದವು. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿಯ ಸುಮಾರಿಗೆ. ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ಹಿಟ್ಟಿನೊಳಗೆ ಇಳಿಯಲು ಶುರುವಾಗುತ್ತದೆ. ನಮ್ಮ ಅಡುಗೆಮನೆಯ ಗಾಳಿಯೇ 33. ಇನ್ನೊಂದು, ಕಡೆದು ತೆಗೆದ ಬಿಳಿ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಹೆಚ್ಚಿರುತ್ತದೆ. ದೋಸೆಯ ಮೇಲೆ ಅದೇ ಅದರ ಸೊಗಸು, ಹಾಕಿದ ಕೂಡಲೇ ಚುರ್ರೆಂದು ಕರಗಿ ಹರಡುತ್ತದೆ. ಕ್ರೋಸಾಂಟಿನ ಬೆಣ್ಣೆಗೆ ಬೇಕಾದದ್ದು ಇದಕ್ಕೆ ಪೂರ್ತಿ ಎದುರಾದ ಗುಣ. ತಣ್ಣಗಿದ್ದೂ ಒಡೆಯದೆ ಬಾಗಬೇಕು, ಚರ್ಮದ ಪಟ್ಟಿಯ ಹಾಗೆ.

ಉಪ್ಪಿಲ್ಲದ ಅಂಗಡಿ ಬೆಣ್ಣೆಗೆ ಬದಲಾಯಿಸಿದೆ. ಗ್ರಾನೈಟ್ ಕಟ್ಟೆಯ ಮೇಲೆ ಐಸ್ ತುಂಬಿದ ತಟ್ಟೆಗಳನ್ನು ಅರ್ಧ ಗಂಟೆ ಇಟ್ಟು ಕಲ್ಲನ್ನು ತಣಿಸಿದೆ. ಲಟ್ಟಣಿಗೆಯನ್ನೂ ಫ್ರಿಜ್ಜಿನಲ್ಲಿಟ್ಟೆ. ಮೇ, ಜೂನ್, ಜುಲೈ. ಸ್ವಲ್ಪ ಸ್ವಲ್ಪ ಸುಧಾರಿಸಿತು. ಪದರ ಅಲ್ಲಲ್ಲಿ ಕಂಡವು, ಅಲ್ಲಲ್ಲಿ ಕೂಡಿಕೊಂಡಿದ್ದವು. ಆ ನಡುವೆ ಕ್ರೋಸಾಂಟಿನ ಇತಿಹಾಸ ಓದಿದೆ. ಅದು ಹುಟ್ಟಾ ಫ್ರಾನ್ಸಿನದಲ್ಲ, ವಿಯೆನ್ನಾದ ಕಿಪ್ಫೆಲ್ ಎಂಬ ಅರ್ಧಚಂದ್ರದ ಬನ್ನಿನ ಮಗು. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಝಾಂಗ್ ಎಂಬ ಆಸ್ಟ್ರಿಯಾದವನು ಪ್ಯಾರಿಸ್ಸಿನಲ್ಲಿ ವಿಯೆನ್ನಾ ಬೇಕರಿ ತೆರೆದ ಮೇಲೆ ಅಲ್ಲಿಯವರ ಕೈಗೆ ಸಿಕ್ಕಿತು. ಪದರದ ಹಿಟ್ಟು ಅದಕ್ಕೆ ಕೂಡಿದ್ದು ಆಮೇಲೆ. ಊರು ಬದಲಾದಂತೆ ತಿನಿಸಿನ ಮೈಯೂ ಬದಲಾಗಿತ್ತು. ನನಗೆ ಅದು ಧೈರ್ಯ ಕೊಟ್ಟಿತು.

ದೀಪಾವಳಿಗೆ ಅವ್ವ ಚಿರೋಟಿ ಮಾಡಲು ಕೂತಳು. ನಾನು ಪಕ್ಕದಲ್ಲಿ ಲಟ್ಟಿಸಿಕೊಡುತ್ತಿದ್ದೆ. ಚಿರೋಟಿ ರವೆ, ಮೈದಾ ಸೇರಿಸಿ ಕಲೆಸಿದ ಕಣಕ, ಕಾಗದದಷ್ಟು ತೆಳ್ಳಗಿನ ಹಾಳೆ, ಹಾಳೆ ಹಾಳೆಗೂ ನಡುವೆ ಸವರುವ ಸಾಟಿ. ಅವ್ವ ಕಂಚಿನ ತಟ್ಟೆಯಲ್ಲಿ ಗಟ್ಟಿ ತುಪ್ಪ ಹಾಕಿ, ಅಂಗೈಯಿಂದ ಉಜ್ಜುತ್ತಾ ಉಜ್ಜುತ್ತಾ ಬೆಳ್ಳಗೆ ನೊರೆ ಬರಿಸಿ, ಅಕ್ಕಿಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ ತಿಕ್ಕುತ್ತಿದ್ದಳು. ಬರೀ ತುಪ್ಪ ಸವರಿದರೆ ಆಗುವುದಿಲ್ಲವೆ ಎಂದು ಕೇಳಿದೆ.

"ಬರೇ ತುಪ್ಪ ಇಳಿದು ಹೋಗ್ತತಿ. ಹಿಟ್ಟು ಹಾಕಿದ್ರ ನಿಲ್ತತಿ."

ಲಟ್ಟಣಿಗೆ ಕೈಯಲ್ಲೇ ನಿಂತಿತು. ಬೆಣ್ಣೆ ಜಾರದ ಹಾಗೆ ನಿಲ್ಲಿಸುವುದು ಹೇಗೆಂದು ನಾನು ಏಳು ತಿಂಗಳು ಐಸ್ ತಟ್ಟೆ ಹೊತ್ತಿದ್ದೆ. ಜಿಡ್ಡಿಗೆ ಒಣ ಹಿಟ್ಟು ಬೆರೆಸಿದರೆ ಅದು ಒಸರುವ ನೀರನ್ನು ಹೀರಿ, ಜಿಡ್ಡಿಗೆ ಮೈಕಟ್ಟು ಕೊಡುತ್ತದೆ. ಬಿಸಿಲೂರಿನ ಹೆಂಗಸರು ಫ್ರಿಜ್ಜಿಲ್ಲದ ಕಾಲದಲ್ಲಿ ಪದರ ಬಿಡಿಸಿದ್ದು ಹೀಗೆ. ಫ್ರೆಂಚರಿಗೂ ಇದು ಗೊತ್ತಿಲ್ಲದ್ದಲ್ಲ. ಅವರ ತಲೆಕೆಳಗಾದ ಪಫ್ ಎಂಬ ಕ್ರಮದಲ್ಲಿ ಬೆಣ್ಣೆಗೇ ಮೈದಾ ಬೆರೆಸಿ ಹೊರಗಿನ ಪದರ ಮಾಡುತ್ತಾರೆ. ಪುಸ್ತಕದಲ್ಲಿ ಅದನ್ನು ನೋಡಿದ್ದೆ, ಆದರೆ ಅದು ಯಾತಕ್ಕೆಂದು ಅರ್ಥವಾದದ್ದು ಅವ್ವನ ಕಂಚಿನ ತಟ್ಟೆಯ ಮುಂದೆ.

ಡಿಸೆಂಬರಿನ ಎರಡನೆಯ ಭಾನುವಾರ ನಾಲ್ಕೂವರೆಗೆ ಎದ್ದೆ. ಗೋಡೆಯ ಮಾಪಕ 18 ತೋರಿಸುತ್ತಿತ್ತು. ಕಿಟಕಿ ಎಲ್ಲ ತೆರೆದೆ. ಹಿಂದಿನ ರಾತ್ರಿಯೇ 500 ಗ್ರಾಮ್ ಮೈದಾದ ಹಿಟ್ಟು ಫ್ರಿಜ್ಜಿನಲ್ಲಿತ್ತು. 250 ಗ್ರಾಮ್ ಬೆಣ್ಣೆಗೆ 25 ಗ್ರಾಮ್ ಮೈದಾ ತಿಕ್ಕಿ ಹಾಳೆ ಮಾಡಿಟ್ಟಿದ್ದೆ. ಲಟ್ಟಣಿಗೆ ಒತ್ತಿದಾಗ ಹಿಟ್ಟೂ ಬೆಣ್ಣೆಯೂ ಒಂದೇ ಮೈಯಾಗಿ ಮುಂದೆ ಸರಿದವು. ಎಲ್ಲೂ ಒಸರಲಿಲ್ಲ. ಮೂರನೆಯ ಮಡಿಕೆ ಮುಗಿಸಿ ಅಂಚನ್ನು ಚಾಕುವಿನಿಂದ ಕತ್ತರಿಸಿದರೆ ಪುಸ್ತಕದ ಹಾಳೆಗಳ ಹಾಗೆ ಬಿಳಿ, ಹಳದಿ, ಬಿಳಿ, ಹಳದಿ. ತ್ರಿಕೋನ ಕತ್ತರಿಸಿ, ಬುಡದಿಂದ ತುದಿಗೆ ಸುತ್ತಿ, ತಟ್ಟೆಯಲ್ಲಿಟ್ಟು ಎರಡೂವರೆ ಗಂಟೆ ಕಾದೆ. ಆ ಹೊತ್ತಿನಲ್ಲೂ ಬಿಸಿ 26 ದಾಟಬಾರದು, ದಾಟಿದರೆ ಮಡಿಸಿದ್ದೆಲ್ಲ ವ್ಯರ್ಥ. ಎಂಟೂವರೆಗೆ ಬಿಸಿಲು ಕಟ್ಟೆಗೆ ಬರುವ ಮೊದಲೇ ತಟ್ಟೆಯನ್ನು ಪೂರ್ವದ ಕಿಟಕಿಯಿಂದ ನಡುಮನೆಗೆ ಸಾಗಿಸಿದೆ.

ಓವನ್ನಿನ ಗಾಜಿನ ಬಾಗಿಲ ಮುಂದೆ ನೆಲದ ಮೇಲೆ ಕೂತೆ. ಆರನೆಯ ನಿಮಿಷಕ್ಕೆ ಸುರುಳಿಗಳ ಬದಿಯ ಗೆರೆಗಳು ಬಿಡಿಸಿಕೊಂಡವು. ಹತ್ತನೆಯ ನಿಮಿಷಕ್ಕೆ ಒಂದೊಂದು ಮೆಟ್ಟಿಲೂ ಎಣಿಸಬಹುದಿತ್ತು. ತಟ್ಟೆಯಲ್ಲಿ ಬೆಣ್ಣೆ ನಿಲ್ಲಲಿಲ್ಲ. ಆರಿದ ಮೇಲೆ ಗರಗಸದ ಹಲ್ಲಿನ ಚಾಕುವಿನಿಂದ ಅಡ್ಡ ಕತ್ತರಿಸಿದೆ. ಒಳಗೆಲ್ಲ ಜೇನುಗೂಡಿನ ಹಾಗೆ ಗೂಡು ಗೂಡು, ಗೂಡಿನ ಗೋಡೆ ಬೆಳಕು ಹಾಯುವಷ್ಟು ತೆಳು. ಅವ್ವ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. "ಚಿರೋಟಿಗಿ ಬೆಲ್ಲ ಸಕ್ರಿ ಏನೂ ಹಾಕದಂಗಾಗೇತಿ, ಆದ್ರ ಛಲೋ ಐತಿ" ಎಂದಳು. ಅವಳ ಬಾಯಿಂದ ಅದು ದೊಡ್ಡ ಮಾತು. ಎರಡನೆಯದನ್ನು ತಾನೇ ಸಕ್ಕರೆ ಪುಡಿ ಉದುರಿಸಿಕೊಂಡು ತಿಂದಳು.

ಕರೆಂಟಿನ ವಿಷಯ ಒಂದಿಷ್ಟು ಹೇಳಬೇಕು, ಮನೆಯಲ್ಲಿ ಬೇಕಿಂಗ್ ಮಾಡುವ ಎಲ್ಲರ ಕಷ್ಟ ಅದು. ಒಂದು ಸಂಜೆ ಗುಡುಗು ಮಳೆಗೆ, ಬ್ರೆಡ್ ಓವನ್ನಿಗೆ ಹೋಗಿ ಹನ್ನೆರಡನೆಯ ನಿಮಿಷಕ್ಕೆ ಕರೆಂಟ್ ಹೋಯಿತು. ಈಸ್ಟ್ ಸಾಯುವುದು 55, 60 ಡಿಗ್ರಿಯ ಹತ್ತಿರ. ಬ್ರೆಡ್ಡಿನ ಒಡಲು ಬೆಂದು ನಿಲ್ಲಬೇಕಾದರೆ 95ರ ಹತ್ತಿರ ಹೋಗಬೇಕು. ನಡುವೆ ಬಿಸಿ ನಿಂತರೆ ಉಬ್ಬಿದ್ದೆಲ್ಲ ಕುಸಿದು ಹಸಿಹಸಿ ಗಡ್ಡೆಯಾಗುತ್ತದೆ. ಆಗ ಕೈ ಹಿಡಿದದ್ದು ಹಳೆಯ ಕ್ರಮ. ನಮ್ಮ ಬಾಲ್ಯದಲ್ಲಿ ಓವನ್ ಇಲ್ಲದ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಮರಳು ಹಾಕಿ, ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು ಕೇಕ್ ಮಾಡುತ್ತಿದ್ದರು. ದೊಡ್ಡ ಕುಕ್ಕರಿಗೆ ಪುಡಿ ಉಪ್ಪು ಹರವಿ ಗ್ಯಾಸಿನ ಮೇಲೆ ಕಾಯಿಸಿ, ಟಿನ್ನನ್ನು ಹಾಗೆಯೇ ಅದರೊಳಗೆ ಇಳಿಸಿ ಮುಚ್ಚಿದೆ. ಮುಕ್ಕಾಲು ಗಂಟೆಗೆ ಬೆಂದಿತು. ಮೇಲೆ ಕೆಂಪಾಗಲಿಲ್ಲ, ಆದರೆ ಕೂತಿರಲೂ ಇಲ್ಲ. ಹೆಂಚಿನ ಮೇಲೆ ತಲೆಕೆಳಗಾಗಿ ಒತ್ತಿ ಕೆಂಪು ಮಾಡಿ ಮಕ್ಕಳಿಗೆ ಕೊಟ್ಟೆ.

ಈಗ ನನ್ನದೂ ಒಂದು ನೋಟ್‌ಬುಕ್ ಇದೆ. ಅದರಲ್ಲಿ ವಿಧಾನ ಕಡಿಮೆ. ವಿಧಾನಗಳು ಎಲ್ಲೆಲ್ಲೂ ಸಿಗುತ್ತವೆ. ಅದರಲ್ಲಿ ಇರುವುದು ಇಂಥವು: 'ಮಾರ್ಚ್ 20, ಸಂಜೆ, 34 ಡಿಗ್ರಿ, ಕಾಲು ಚಮಚ ಈಸ್ಟಿಗೆ ನಾಲ್ಕೂವರೆ ಗಂಟೆಗೆ ಎರಡರಷ್ಟು.' 'ಆಗಸ್ಟ್, ಜಡಿಮಳೆ, ಹಿಟ್ಟೇ ತಣ್ಣಗೆ ಒದ್ದೆಯಾಗಿತ್ತು, ನೀರು ಎರಡು ಚಮಚ ಕಡಿಮೆ ಸಾಕಾಯಿತು.' 'ಗಿರಣಿಯ ಗೋಧಿ ಹಿಟ್ಟು, ಕಲ್ಲಿನಲ್ಲಿ ಬೀಸುವಾಗ ಬಿಸಿಯಾಗಿ ಪಿಷ್ಟ ಒಡೆದಿರುತ್ತದೆ, ಮೈದಾಕ್ಕಿಂತ ನೀರು ಬಹಳ ಕುಡಿಯುತ್ತದೆ, ಅರ್ಧ ಗಂಟೆ ನೆನೆಯಲು ಬಿಟ್ಟು ಆಮೇಲೆ ನಾದು.' ಕೆಲವು ಕಡೆ ಅವ್ವನ ಮಾತು, ಒಂದು ಕಡೆ ಚಿಗವ್ವನದು. ಮಗ ಒಂದು ಪುಟದಲ್ಲಿ ಬ್ರೆಡ್ಡಿನ ಚಿತ್ರ ಬರೆದು ಅದರ ಸುತ್ತ 'ಚಟ್ ಚಟ್' ಎಂದು ಬರೆದಿದ್ದಾನೆ.

ಹೊಸದಾಗಿ ಬ್ರೆಡ್ ಮಾಡಲು ಹೊರಟ ಅಕ್ಕತಂಗಿಯರಲ್ಲಿ, ಅಣ್ಣತಮ್ಮಂದಿರಲ್ಲಿ ನನ್ನದು ಇಷ್ಟೇ ಕೋರಿಕೆ. ನೂರೈವತ್ತು ಇನ್ನೂರು ರೂಪಾಯಿಯ ಉಷ್ಣಮಾಪಕವೊಂದನ್ನು ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿ. ಮಾಡಿದ್ದು ಚೆನ್ನಾಗಿ ಬಂದರೂ ಕೆಟ್ಟರೂ ಊರು, ತಿಂಗಳು, ಹೊತ್ತು, ಬಿಸಿ ನಾಲ್ಕನ್ನೂ ಬರೆದಿಡಿ. ಕಲಬುರಗಿಯವರದ್ದು ಕಲಬುರಗಿಯವರೇ ಬರೆಯಬೇಕು, ಮಡಿಕೇರಿಯವರದ್ದು ಮಡಿಕೇರಿಯವರೇ. ಬರೆದದ್ದನ್ನು ಪಕ್ಕದ ಮನೆಯವರಿಗೂ ಕೊಡಿ. ನಮ್ಮ ಊರುಗಳ ಬಿಸಿಲಿಗೆ ಹೊಂದುವ ಬ್ರೆಡ್ಡಿನ ಪುಸ್ತಕ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.